ಹವ್ಯಾಸದ ಮೋಟಾರು ಮನುಷ್ಯನನ್ನು ಎತ್ತಿದ ದಿನ

ಮಾದರಿ ವಿಮಾನದ ಮೋಟಾರಿಗೆ ಎರಡು ಸೆಲ್ ಹೆಚ್ಚಿಗೆ ಜೋಡಿಸಿ, ಹಳೆಯ ಪ್ರೊಪೆಲ್ಲರ್‌ನಲ್ಲೇ ಓಡಿಸಿ, ನಾನೊಮ್ಮೆ ಅದನ್ನು ಸುಟ್ಟುಹಾಕಿದ್ದೆ. ವೋಲ್ಟೇಜ್ ಏರಿಸಿದ್ದೇ ತಪ್ಪು ಎಂದುಕೊಂಡಿದ್ದೆ. ಆ ನಂಬಿಕೆ ಅಲುಗಾಡಿದ್ದು ‘ಗಾಸಮರ್ ಪೆಂಗ್ವಿನ್’ ಬಗ್ಗೆ ಓದಿದಾಗ.

ಅಮೆರಿಕದ ಪಾಲ್ ಮೆಕ್‌ಕ್ರೆಡಿ ರೂಪಿಸಿದ ಈ ಸೌರವಿಮಾನದ ತೂಕ, ಚಾಲಕರನ್ನು ಬಿಟ್ಟರೆ, ಸುಮಾರು 31 ಕಿಲೋ. ಅದರಲ್ಲಿದ್ದದ್ದು ಹವ್ಯಾಸಿಗಳಿಗೆ ಮೋಟಾರು ಮಾಡುತ್ತಿದ್ದ ಆಸ್ಟ್ರೋಫ್ಲೈಟ್ ಕಂಪನಿಯ ಆಸ್ಟ್ರೋ-40. ಆರಂಭದ ಪರೀಕ್ಷೆಗಳಿಗೆ ಬಳಸಿದ್ದು 28 ನಿಕಲ್-ಕ್ಯಾಡ್ಮಿಯಂ ಸೆಲ್. ಒಂದರ ಹಿಂದೊಂದು ಜೋಡಿಸಿದರೆ ಸುಮಾರು 33 ವೋಲ್ಟ್. ಪುಟ್ಟ ಮೋಟಾರು ಇದನ್ನು ಹೇಗೆ ತಾಳುತ್ತದೆ?

ಮೋಟಾರಿನ ವೇಗ ವೋಲ್ಟೇಜಿನ ಜೊತೆ ಏರುತ್ತದೆ. ಸುರುಳಿಯ ಬಿಸಿ ಏರುವುದು ಕರೆಂಟಿನ ವರ್ಗದಂತೆ. ಅಷ್ಟೇ ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಪಡೆದರೆ ಕರೆಂಟ್ ಇಳಿಯುತ್ತದೆ. ಆದರೆ ಪ್ರೊಪೆಲ್ಲರ್‌ನ ಹೊರೆಯನ್ನು ಅದಕ್ಕೆ ತಕ್ಕಂತೆ ಇಳಿಸಬೇಕು. ನಾನು ಇಳಿಸಿರಲಿಲ್ಲ. ವೇಗ ಏರಿತು, ಹೊರೆ ಏರಿತು, ಕರೆಂಟೂ ಏರಿತು.

1980ರ ಮೇ 18ರಂದು ಪೆಂಗ್ವಿನ್ ಬರೀ ಬಿಸಿಲಿನ ಬಲದಿಂದ ಮೇಲೇರಿತು. ಚಾಲಕ ಮೆಕ್‌ಕ್ರೆಡಿಯವರ 13 ವರ್ಷದ ಮಗ ಮಾರ್ಷಲ್, ತೂಕ 36 ಕಿಲೋ. ಆಗಸ್ಟ್ 7ರಂದು ಜಾನಿಸ್ ಬ್ರೌನ್ ಅದರಲ್ಲಿ 14 ನಿಮಿಷ ಹಾರಿದರು. ಸೌರಫಲಕದ ಸಾಮರ್ಥ್ಯ 541 ವಾಟ್, ಮನೆಯ ಇಸ್ತ್ರಿಪೆಟ್ಟಿಗೆಗೂ ಸಾಲದಷ್ಟು. ಬಿಸಿಯಾಗಿ ಪೋಲು ಮಾಡಲು ಅದರಲ್ಲಿ ಏನೂ ಮಿಕ್ಕಿರಲಿಲ್ಲ.