ಹೊಳೆ ಬಿಟ್ಟ ಮೀನು, ಮತ್ತೆ ಹೊಳೆಗೆ

(1/5)
ನಿಮ್ಮೂರ ಕೆರೆಯಲ್ಲಿ ಬಲೆಗೆ ಬೀಳೋ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಸಾಮಾನ್ಯವಾಗಿ ಆ ಕೆರೆಯಲ್ಲಿ ಹುಟ್ಟಿದ್ದಲ್ಲ, ಗೊತ್ತಾ? ಈ ಗೆಂಡೆ ಮೀನುಗಳು ಮೂಲತಃ ಗಂಗೆಯ ಕಡೆಯ ದೊಡ್ಡ ಹೊಳೆಗಳವು. ನಿಂತ ನೀರಲ್ಲಿ ಚೆನ್ನಾಗಿ ಬೆಳೀತಾವೆ. ಹೆಣ್ಣಿನ ಹೊಟ್ಟೆ ತುಂಬ ಮೊಟ್ಟೆಯೂ ಆಗುತ್ತೆ, ಆದ್ರೆ ಇಡೋದಿಲ್ಲ. ಅದಕ್ಕೆ ಮಳೆಗಾಲದ ಹೊಸನೀರು, ಹರಿವು ಬೇಕು. ಹಾಗಾಗಿ ಮೀನು ಸಾಕೋರು ತುಂಬಿ ಹರಿಯೋ ಹೊಳೆಯಲ್ಲಿ ಬಲೆ ಕಟ್ಟಿ ಹಿಡಿದ ಮರಿಗಳನ್ನೇ ನಂಬಿಕೊಂಡಿದ್ದರು. ಅದರಲ್ಲಿ ಬೇಡದ ಮೀನಿನ ಮರಿಗಳೂ ಬೆರೆತಿರುತ್ತಿದ್ದವು. ಮಳೆ ಕೈಕೊಟ್ಟರೆ ಮರಿಗೂ ಬರ.

(2/5)
ಬೀಗದ ಕೈ ಮೀನಿನ ತಲೆಯೊಳಗೇ ಇತ್ತು. ಮಿದುಳಿನ ಕೆಳಗೆ ಪಿಟ್ಯೂಟರಿ ಅನ್ನೋ ಪುಟ್ಟ ಗ್ರಂಥಿ ಇದೆ. 1930ರ ದಶಕದಲ್ಲೇ ಬ್ರೆಜಿಲ್‌ನವರು ಇದರ ರಸ ಚುಚ್ಚಿ ಮೀನಿಂದ ಮೊಟ್ಟೆ ಇಡಿಸಿದ್ದರು. ನಮ್ಮ ಗೆಂಡೆ ಮೀನುಗಳಲ್ಲಿ ಇದನ್ನು ಸಾಧಿಸಿದವರು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ. ಜಾಗ ಒಡಿಶಾದ ಅಂಗುಲ್, ದಿನ 1957ರ ಜುಲೈ 10. ಇವತ್ತು ದೇಶ ಆ ದಿನವನ್ನು ಮೀನು ಕೃಷಿಕರ ದಿನವಾಗಿ ಆಚರಿಸುತ್ತೆ.

(3/5)
ವಿಧಾನ ಹೀಗೆ: ಬಲಿತ ಮೀನಿನ ತಲೆಯಿಂದ ಗ್ರಂಥಿ ತೆಗೆದು ಆಲ್ಕೋಹಾಲ್‌ನಲ್ಲಿ ಇಡೋದು. ಬೇಕಾದಾಗ ಅರೆದು, ನೀರಲ್ಲಿ ಕದಡಿ, ತಿಳಿಯನ್ನು ಸೂಜಿಯಲ್ಲಿ ಚುಚ್ಚೋದು. ಹೆಣ್ಣಿಗೆ ಮೊದಲ ಸಲ ಕೆಜಿ ತೂಕಕ್ಕೆ 2–3 ಮಿಲಿಗ್ರಾಂ, ಸುಮಾರು 6 ಗಂಟೆ ಬಿಟ್ಟು 5–8 ಮಿಲಿಗ್ರಾಂ. ಗಂಡಿಗೆ ಒಂದೇ ಸಲ, 2–3 ಮಿಲಿಗ್ರಾಂ. ಆಮೇಲೆ ನೀರಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿ, ಅಂದ್ರೆ ಹಾಪಾದೊಳಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಮೊಟ್ಟೆ. ಹೊಳೆಯ ಹಂಗು ತಪ್ಪಿತು. (ಈಗ ಹೆಚ್ಚಿನವರು ಗ್ರಂಥಿ ಬದಲು ರೆಡಿ ಹಾರ್ಮೋನ್ ಚುಚ್ಚುತ್ತಾರೆ.)

(4/5)
ಆದ್ರೆ ಕಥೆ ಇಲ್ಲಿಗೆ ಮುಗಿಯಲ್ಲ. ಒಂದೇ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ. ಹಾಗಾದ್ರೆ ನಾಲ್ಕಾರು ಜೋಡಿ ಸಾಕಲ್ವಾ? ಅವುಗಳ ಮರಿಗಳನ್ನೇ ಮುಂದಿನ ತಾಯಿ-ತಂದೆ ಮಾಡಿದರಾಯ್ತು. ಹ್ಯಾಚರಿಗಳಲ್ಲಿ ಆಗಿದ್ದು ಇದೇ. ಏಕನಾಥ್ ಮತ್ತು ಡಾಯ್ಲ್ ಅನ್ನೋ ವಿಜ್ಞಾನಿಗಳು ನಮ್ಮ ಕರ್ನಾಟಕದ್ದೇ 18 ಹ್ಯಾಚರಿಗಳ ಲೆಕ್ಕ ತೆಗೆದು 1990ರಲ್ಲಿ ಪ್ರಕಟಿಸಿದರು: ಒಳಸಂಬಂಧದ ಪ್ರಮಾಣ ತಲೆಮಾರಿಗೆ ಶೇ. 2ರಿಂದ 17. ಒಡಹುಟ್ಟಿದವುಗಳೇ ಜೋಡಿಯಾಗುತ್ತಾ ಹೋದರೆ ತಳಿ ಸೊರಗುತ್ತೆ, ಬೆಳವಣಿಗೆ ಕುಂಠಿತವಾಗುತ್ತೆ. ನಷ್ಟ ಯಾರಿಗೆ? ಮರಿಗೆ ದುಡ್ಡು ಕೊಟ್ಟ ರೈತನಿಗೆ. ಕಣ್ಣಿಗೆ ಕಾಣದ ಈ ನಷ್ಟ ಕಂಡಿದ್ದು ಲೆಕ್ಕದಲ್ಲಿ ಮಾತ್ರ.

(5/5)
ಪರಿಹಾರ ಹುಡುಕಿಕೊಂಡು ಮತ್ತೆ ಹೊಳೆಗೇ ಹೋಗಬೇಕಾಯ್ತು. 1992ರಲ್ಲಿ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ, ನಾರ್ವೆಯವರ ಜೊತೆ ಸೇರಿ ಕೆಲಸ ಶುರು ಮಾಡಿತು. ಗಂಗಾ, ಯಮುನಾ, ಗೋಮತಿ, ಬ್ರಹ್ಮಪುತ್ರ, ಸತ್ಲಜ್ ಐದೂ ನದಿಗಳ ರೋಹು ತಂದರು. ಸಾಕಣೆಯ ರೋಹುವನ್ನೂ ಸೇರಿಸಿದರು. ಯಾವ ಮರಿ ಯಾವ ಜೋಡಿಯದ್ದು ಅಂತ ಗುರುತಿಟ್ಟು, ಚೆನ್ನಾಗಿ ಬೆಳೆದವನ್ನು ಆರಿಸುತ್ತಾ ಹೋದರು. ಬೆಳವಣಿಗೆ ತಲೆಮಾರಿಗೆ ಸರಾಸರಿ ಶೇ. 17ರಷ್ಟು ಹೆಚ್ಚಿತು. ಸ್ವಾತಂತ್ರ್ಯದ ಸುವರ್ಣ ವರ್ಷದಲ್ಲಿ ಹೊರಬಂದ ಆ ತಳಿಯ ಹೆಸರು 'ಜಯಂತಿ'.

ಮುಂದಿನ ಮಳೆಗಾಲ ನಿಮ್ಮೂರಿಗೆ ಆಮ್ಲಜನಕ ತುಂಬಿದ ಕವರಿನಲ್ಲಿ ಮೀನುಮರಿ ಬಂದಾಗ ರೇಟ್ ಕೇಳೋದಷ್ಟೇ ಅಲ್ಲ, 'ಇದರ ತಾಯಿ ಮೀನು ಎಲ್ಲಿಂದ ತಂದಿದ್ದು?' ಅಂತಾನೂ ಕೇಳಿ. ಮೀನು ಸಾಕೋ ಗೆಳೆಯರಿದ್ದರೆ ಇದನ್ನ ಅವರಿಗೂ ಕಳಿಸಿ.

#ಮೀನಿನಚರಿತ್ರೆ #ಕೆರೆಮೀನು