ಬೆಣ್ಣೆ ಚಾವಡಿಯಿಂದ ಕೊಯಾಲಿಯವರೆಗೆ

ಗುಜರಾತಿನ ವಡೋದರಾ ಪಕ್ಕದ ಕೊಯಾಲಿಯನ್ನು ಸೈನ್ಯದ ಊರೆಂದು ಯಾರೂ ಹೇಳುವುದಿಲ್ಲ. ಅಲ್ಲಿರುವುದು ಇಂಡಿಯನ್ ಆಯಿಲ್‌ನ ತೈಲ ಶುದ್ಧೀಕರಣಾಗಾರ. 1961ರ ಭಾರತ-ಸೋವಿಯತ್ ಒಪ್ಪಂದದಿಂದ ಹುಟ್ಟಿದ ಅದು, ಅಂಕಲೇಶ್ವರದ ಕಚ್ಚಾತೈಲವನ್ನು ನಂಬಿಕೊಂಡು 1965ರ ಅಕ್ಟೋಬರ್‌ನಲ್ಲಿ ಕೆಲಸ ಶುರುಮಾಡಿತು. ಪಾಕಿಸ್ತಾನದೊಂದಿಗಿನ ಯುದ್ಧ ನಿಂತು ಆಗ ಕೆಲವೇ ವಾರಗಳಾಗಿದ್ದವು. ಅದೇ ವಡೋದರಾದಲ್ಲಿ ಸೇನೆಯ ದುರಸ್ತಿ ತಂತ್ರಜ್ಞರನ್ನು ತಯಾರುಮಾಡುವ ಇಎಂಇ ಸ್ಕೂಲ್ ಇದೆ. ಸೈನಿಕರನ್ನೂ ಸಾಮಾನನ್ನೂ ಹೊತ್ತೊಯ್ಯುವ ವಾಯುಪಡೆಯ 11ನೇ ಸ್ಕ್ವಾಡ್ರನ್ ಇದೆ. ಆ ಸ್ಕ್ವಾಡ್ರನ್ ಹಾರಿಸುವ ಸಿ-295 ವಿಮಾನಗಳನ್ನು ಜೋಡಿಸುವ ಟಾಟಾ ಕಾರ್ಖಾನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಇಂಧನ, ದುರಸ್ತಿ, ಸಾಗಾಟ: ಗುಂಡು ಹಾರಿಸುವವನ ಬೆನ್ನ ಹಿಂದೆ ಇರಲೇಬೇಕಾದ ಮೂರು ಕೆಲಸಗಳು ಒಂದೇ ನಗರದ ಸುತ್ತ ನೆಲೆಗೊಂಡಿವೆ.

ನಾವು ಸೇನೆಯ ಚರಿತ್ರೆಯನ್ನು ದಂಡನಾಯಕರ ಚರಿತ್ರೆಯಾಗಿ ಓದುತ್ತೇವೆ. ಪೂರೈಕೆಯ ಚರಿತ್ರೆಯನ್ನು ಬೇರೆಯಾಗಿ ಇಡುತ್ತೇವೆ, ಹಲವು ಸಲ ಓದುವುದೇ ಇಲ್ಲ. ಆಡಳಿತದಲ್ಲೂ ಇವೆರಡನ್ನು ಬೇರೆಬೇರೆ ಕೈಗಳಿಗೆ ಕೊಟ್ಟು, ನಡುವೆ ಹೊಂದಾಣಿಕೆ ತಪ್ಪಿದಾಗ ಸೈನಿಕ ಬೆಲೆ ತೆತ್ತಿದ್ದಾನೆ. ಈ ಮಾತಿಗೆ ಮೊದಲ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅರಮನೆಗೆ ಹಾಲು-ಬೆಣ್ಣೆ ಒದಗಿಸುವ ಇಲಾಖೆಯಾಗಿತ್ತು. ಅದರ ದನಗಳನ್ನು ಹೈದರಾಲಿ ಸೈನ್ಯದ ಸಾಗಾಟಕ್ಕೆ ಹೂಡಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಕಾವಲುಗಳ ಹುಲ್ಲಿನಿಂದ ಹಿಡಿದು ಕರುಗಳ ಲೆಕ್ಕದವರೆಗೆ ಕಟ್ಟಳೆ ಮಾಡಿದ. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂಬ ಮಾತು ಉಳಿದು ಬಂದಿದೆ. ಅಲ್ಲಿ ದಂಡು ನಡೆಸುವವನೂ ದನ ಸಾಕಿಸುವವನೂ ಒಬ್ಬನೇ ಆಗಿದ್ದ.

ಎದುರು ಪಾಳೆಯದ ಸ್ಥಿತಿ ನೋಡಿ. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ, ಅರಕೆರೆಯ ಬಳಿ ನಡೆದ ಕಾಳಗವನ್ನೂ ಗೆದ್ದ. ಆದರೂ ಕೋಟೆಗೆ ಮುತ್ತಿಗೆ ಹಾಕಲಾಗಲಿಲ್ಲ. ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ದಂಡಿಗೆ ಅಕ್ಕಿ ಇರಲಿಲ್ಲ. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿಗೆ ಹಿಂದಿರುಗಿದ. ಮರುವರ್ಷ ಲಂಬಾಣಿಗರ ಧಾನ್ಯದ ಹೇರುಗಳನ್ನು ಜೊತೆಗಿಟ್ಟುಕೊಂಡು ಬಂದ, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಆ ಯುದ್ಧವನ್ನು ತೀರ್ಮಾನಿಸಿದವರಲ್ಲಿ ಲಂಬಾಣಿಗರೂ ಇದ್ದಾರೆ ಎಂದು ನಮ್ಮ ಶಾಲೆಯ ಪಾಠಗಳು ಹೇಳಬೇಕಿತ್ತು. ಪಾಠ ಕಲಿತದ್ದು ಕಂಪನಿ: ಟಿಪ್ಪು ಮಡಿದ 1799ರ ನಂತರ ಅಮೃತ ಮಹಲ್ ತಳಿ ಅದರ ವಶವಾಯಿತು. ಟಿಪ್ಪು ವಿರುದ್ಧ ಹೋರಾಡಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ಸ್ಪೇನಿನಲ್ಲಿ ಹೋರಾಡುವಾಗಲೂ ಆ ಎತ್ತುಗಳನ್ನು ನೆನೆಯುತ್ತಿದ್ದ.

1895ರಲ್ಲಿ ಬಂಗಾಳ, ಮದ್ರಾಸ್, ಬೊಂಬಾಯಿ ಪ್ರಾಂತಗಳ ಸೈನ್ಯಗಳು ಒಂದಾದವು. ಆದರೆ ವೈಸ್‌ರಾಯ್ ಮಂಡಳಿಯಲ್ಲಿ ಕಮಾಂಡರ್-ಇನ್-ಚೀಫ್ ಒಬ್ಬನಿದ್ದರೆ, ಪೂರೈಕೆ ಮತ್ತು ಹಣಕಾಸು ನೋಡುವ ಮಿಲಿಟರಿ ಮೆಂಬರ್ ಇನ್ನೊಬ್ಬನಿದ್ದ. ಎಲ್ಲವೂ ತನ್ನ ಕೈಗೇ ಬರಬೇಕೆಂದು ಕಮಾಂಡರ್-ಇನ್-ಚೀಫ್ ಆಗಿದ್ದ ಕಿಚನರ್ ಪಟ್ಟುಹಿಡಿದ. ದಂಡನಾಯಕನ ಮೇಲೆ ಎರಡನೆಯ ಕಣ್ಣು ಬೇಕೆಂದು ವೈಸ್‌ರಾಯ್ ಕರ್ಜನ್ ವಾದಿಸಿದ. ಲಂಡನ್ ಕಿಚನರನತ್ತ ವಾಲಿತು, 1905ರಲ್ಲಿ ಕರ್ಜನ್ ರಾಜೀನಾಮೆ ಕೊಟ್ಟ. ಉಳಿದಿದ್ದ ಪೂರೈಕೆ ಇಲಾಖೆಯೂ 1909ರಲ್ಲಿ ಮುಚ್ಚಿತು. ಫಲಿತಾಂಶ ಮೊದಲ ಮಹಾಯುದ್ಧದ ಹೊತ್ತಿಗೆ ಮೆಸಪೊಟೇಮಿಯಾದಲ್ಲಿ ಕಂಡಿತು. ಟೈಗ್ರಿಸ್ ನದಿಯಲ್ಲಿ ದೋಣಿಗಳಿಲ್ಲ, ಗಾಯಾಳುಗಳಿಗೆ ಆಸ್ಪತ್ರೆಯಿಲ್ಲ. 1916ರ ಏಪ್ರಿಲ್ 29ರಂದು ಕೂತ್‌ನಲ್ಲಿ ಸುಮಾರು 13,000 ಮಂದಿ ಶರಣಾದರು, ಅವರಲ್ಲಿ ಹೆಚ್ಚಿನವರು ಭಾರತೀಯರು. ವಿಚಾರಣಾ ಆಯೋಗ ಮರುವರ್ಷ ಭಾರತದ ಸೇನಾ ಆಡಳಿತವನ್ನು ಕಟುವಾಗಿ ಟೀಕಿಸಿತು. ಎಲ್ಲ ಅಧಿಕಾರವನ್ನೂ ಒಬ್ಬನಿಗೇ ಒಪ್ಪಿಸಿದರೆ ಪೂರೈಕೆ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಸ್ವಾತಂತ್ರ್ಯದ ನಂತರ ಚಕ್ರ ಇನ್ನೊಂದು ದಿಕ್ಕಿಗೆ ತಿರುಗಿತು. 1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರ್ಯಪ್ಪ ಮೊದಲ ಭಾರತೀಯ ಕಮಾಂಡರ್-ಇನ್-ಚೀಫ್ ಆದರು. 1955ರಲ್ಲಿ ಆ ಹುದ್ದೆಯ ಹೆಸರೇ ಹೋಗಿ, ಮೂರು ಪಡೆಗಳಿಗೂ ಸಮಾನ ಸ್ಥಾನದ ಮುಖ್ಯಸ್ಥರು ಬಂದರು. ಸೇನೆ ಚುನಾಯಿತ ಸರ್ಕಾರದ ಅಧೀನದಲ್ಲಿರಬೇಕು ಎಂಬುದು ಸರಿಯಾದ ತೀರ್ಮಾನವೇ. ಆದರೆ ಮೂರು ಪಡೆಗಳೂ ತಮ್ಮ ತಮ್ಮ ಉಗ್ರಾಣ, ತಮ್ಮ ತಮ್ಮ ಲೆಕ್ಕ ಇಟ್ಟುಕೊಂಡವು. ಭೂಸೇನೆಯೊಳಗೇ ಪಡಿತರ ಮತ್ತು ಇಂಧನ ಆರ್ಮಿ ಸರ್ವಿಸ್ ಕೋರ್ (ಎಎಸ್‌ಸಿ)ಗೆ, ಮದ್ದುಗುಂಡು ಮತ್ತು ಬಿಡಿಭಾಗ ಆರ್ಡ್‌ನೆನ್ಸ್ ಕೋರ್‌ಗೆ, ದುರಸ್ತಿ ಇಎಂಇಗೆ. ಆ ಎಎಸ್‌ಸಿಯ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ.

1962ರ ಚೀನಾ ಯುದ್ಧದ ಹೊತ್ತಿಗೆ ನಮ್ಕಾ ಚೂ ಕಣಿವೆಗೆ ಕಳಿಸಿದ ಬ್ರಿಗೇಡ್‌ಗೆ ಚಳಿಯ ಉಡುಪಿರಲಿಲ್ಲ, ರಸ್ತೆಯಿರಲಿಲ್ಲ. ವಿಮಾನದಿಂದ ಬೀಳಿಸಿದ ಮೂಟೆಗಳಲ್ಲಿ ಬಹಳಷ್ಟು ಕಮರಿಗಳ ಪಾಲಾದವು. ಅಲ್ಲಿಗೆ ಹೋಗಿ ನಿಲ್ಲಿ ಎಂದು ಆದೇಶ ಕೊಟ್ಟವರು ಅಲ್ಲಿಗೆ ಏನು ತಲುಪಬಲ್ಲದು ಎಂದು ಮೊದಲು ಕೇಳಿಕೊಳ್ಳಲಿಲ್ಲ. ಆ ಸೈನಿಕರ ಸಾವಿನ ಬಗ್ಗೆ ಬರೆಯುವಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಕರ್ನಾಟಕದ ಪಾಲು ಹೆಚ್ಚಾಗಿ ಈ ಬೆಂಬಲದ ಕಡೆಗೇ ಇದೆ. 1940ರ ಎಚ್‌ಎಎಲ್, 1954ರ ಬಿಇಎಲ್, 1964ರ ಬಿಇಎಂಎಲ್ ಎಲ್ಲರಿಗೂ ಗೊತ್ತು. 1961ರಲ್ಲಿ ಮೈಸೂರಿನಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಅಷ್ಟು ಹೆಸರಾಗಿಲ್ಲ. ಒಲೆ ಹಚ್ಚಲಾಗದ ಎತ್ತರದಲ್ಲಿ, ಜಲಾಂತರ್ಗಾಮಿಯಲ್ಲಿ ಕೆಡದೆ ಉಳಿಯುವ ಊಟವನ್ನು ಅದು ರೂಪಿಸುತ್ತದೆ.

1971ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧಕ್ಕೆ ಮುನ್ನ ಭೂಸೇನೆಯ ಮುಖ್ಯಸ್ಥ ಮಾಣೆಕ್ ಶಾ ಮಳೆಗಾಲ ಕಳೆಯುವವರೆಗೆ ಕಾದರು, ಆ ತಿಂಗಳುಗಳಲ್ಲಿ ಪೂರ್ವದ ಗಡಿಯಲ್ಲಿ ಸಾಮಗ್ರಿ ಪೇರಿಸಿದರು. ಪಶ್ಚಿಮದಲ್ಲಿ ಎರಡೂ ಕಡೆಯವರು ಇಂಧನವನ್ನೇ ಗುರಿಮಾಡಿದರು. ಭಾರತದ ದಾಳಿಗೆ ಕರಾಚಿಯ ಕಿಯಾಮಾರಿ ತೈಲ ಟ್ಯಾಂಕುಗಳು ಹೊತ್ತಿ ಉರಿದವು, ಪಾಕಿಸ್ತಾನದ ವಿಮಾನಗಳು ಗುಜರಾತಿನ ಓಖಾ ಬಂದರಿನ ಇಂಧನ ನೆಲೆಯ ಮೇಲೆ ಬಾಂಬ್ ಹಾಕಿದವು. ಶುದ್ಧೀಕರಣಾಗಾರಗಳು ಗಡಿಯಷ್ಟೇ ಕಾವಲು ಬೇಡುವ ಜಾಗಗಳೆಂದು ಆಗ ಸ್ಪಷ್ಟವಾಯಿತು. ಕೊಯಾಲಿಯಿಂದ ಅಹಮದಾಬಾದಿಗೆ 1966ರಲ್ಲೇ ಕೊಳವೆ ಮಾರ್ಗ ಬಂದಿತ್ತು. ಮುಂದೆ ರಾಜಸ್ಥಾನದ ಸಾಂಗಾನೇರ್‌ಗೂ ಮಾರ್ಗ ಬಂತು. ಸಾಮಾನ್ಯ ದಿನಗಳಲ್ಲಿ ಅದು ನಾಗರಿಕರ ಡೀಸೆಲ್. ಯುದ್ಧ ಬಂದರೆ ಗಡಿ ರಾಜ್ಯಗಳ ಕಡೆಗೆ ಇಂಧನ ಹರಿಸಬಲ್ಲ ದಾರಿ.

ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿ ಮತ್ತು ಸಚಿವರ ಗುಂಪು ಮೂರು ಪಡೆಗಳನ್ನು ಬೆಸೆಯುವ ಪ್ರಶ್ನೆಯನ್ನು ಮತ್ತೆ ಎತ್ತಿದವು. 2001ರಲ್ಲಿ ಅಂಡಮಾನ್-ನಿಕೋಬಾರ್‌ನಲ್ಲಿ ಮೊದಲ ಜಂಟಿ ಕಮಾಂಡ್ ಬಂತು. ರಕ್ಷಣಾ ಮುಖ್ಯಸ್ಥ, ಅಂದರೆ ಸಿಡಿಎಸ್ ಹುದ್ದೆಗೆ ಮಾತ್ರ 2020ರ ಜನವರಿ 1ರವರೆಗೆ ಕಾಯಬೇಕಾಯಿತು. ಬಿಪಿನ್ ರಾವತ್ ಮೊದಲಿಗರಾದರು. ಮರುವರ್ಷ ಮುಂಬೈಯಲ್ಲಿ ಮೂರೂ ಪಡೆಗಳಿಗೆ ಸೇರಿ ಪೂರೈಕೆ ನೋಡುವ ಜಂಟಿ ಕೇಂದ್ರ ತೆರೆಯಿತು. ಬೇರೆ ಪಡೆಯ ಸಿಬ್ಬಂದಿಯ ಮೇಲೂ ಜಂಟಿ ಸಂಸ್ಥೆಯ ಕಮಾಂಡರ್‌ಗೆ ಶಿಸ್ತಿನ ಅಧಿಕಾರ ಕೊಡುವ ಕಾಯ್ದೆ 2023ರಲ್ಲಿ ಬಂದು, 2024ರ ಮೇ 10ರಿಂದ ಜಾರಿಯಲ್ಲಿದೆ.

ಚರ್ಚೆಯೆಲ್ಲ ಈಗ, ಒಂದು ವಲಯದ ಮೂರೂ ಪಡೆಗಳನ್ನು ಒಬ್ಬ ಕಮಾಂಡರನ ಕೆಳಗೆ ತರುವ ಥಿಯೇಟರ್ ಕಮಾಂಡ್‌ಗಳ ಸುತ್ತ ನಡೆದಿದೆ: ಎಷ್ಟು ಕಮಾಂಡ್, ಯಾವ ಪಡೆಯ ಜನರಲ್ ಎಲ್ಲಿ ಕೂರಬೇಕು, ಯಾರು ಯಾರಿಗೆ ವರದಿ ಮಾಡಬೇಕು. ಅದಕ್ಕಿಂತ ಮೊದಲು ಉಗ್ರಾಣಗಳ ಪ್ರಶ್ನೆ ಇತ್ಯರ್ಥವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರು ಪಡೆಗಳೂ ಬಿಡಿಭಾಗಗಳಿಗೆ ಒಂದೇ ಸಂಖ್ಯಾಕ್ರಮ ಬಳಸಲಿ. ಭೂಸೇನೆಯ ಡಿಪೋದಲ್ಲಿರುವ ಇಂಧನ ನೌಕಾಪಡೆಯ ಕಂಪ್ಯೂಟರಿನಲ್ಲೂ ಕಾಣಲಿ. ಥಿಯೇಟರ್ ಕಮಾಂಡರ್‌ಗೆ ತನ್ನ ವ್ಯಾಪ್ತಿಯ ಡಿಪೋ, ವರ್ಕ್‌ಶಾಪ್, ಸಾಗಾಟ ವಿಮಾನಗಳ ಮೇಲೆ ನೇರ ಅಧಿಕಾರವಿರಲಿ, ಆ ಲೆಕ್ಕವನ್ನು ಪರಿಶೀಲಿಸುವವರು ಅವನ ಅಧೀನದವರಾಗದಿರಲಿ. ಕಿಚನರ್ ಮತ್ತು ಕರ್ಜನ್ ಜಗಳವಾಡಿದ್ದು ಈ ಕೊನೆಯ ಮಾತಿನ ಮೇಲೆಯೇ, ಹೊಸ ಕಾಯ್ದೆಯೂ ಅದನ್ನು ಬಗೆಹರಿಸಿಲ್ಲ.