ಮೂರನೆಯ ಬೇಸ್‌ನ ಕಾವಲುಗಾರ

ಕ್ರಿಕೆಟ್ ತಿಳಿಯದ ಮಕ್ಕಳು ನಮ್ಮ ಮನೆಗಳಲ್ಲಿ ಇಲ್ಲವೆಂದೇ ಹೇಳಬೇಕು. ಬೇಸ್‌ಬಾಲ್ ಬಲ್ಲವರು ಮಾತ್ರ ವಿರಳ. ಆ ಆಟದ ವೃತ್ತಿಪರ ಚರಿತ್ರೆಯ ಮೊದಲ ಪುಟಗಳಲ್ಲಿ ಎಸ್ತೆಬಾನ್ ಬೆಯಾನ್ ಎಂಬ ಹೆಸರಿದೆ. ಆತ ಆಡಿದ್ದು ಮೂರೇ ವರ್ಷ, ಸುಮಾರು ಅರವತ್ತು ಪಂದ್ಯ. ಆದರೂ ಈ ಅಲ್ಪಕಾಲದ ಆಟಗಾರನ ಕಥೆಯನ್ನು ತಾವು ಕೇಳಬೇಕೆಂಬುದು ನನ್ನ ಆಸೆ.

ಬೆಯಾನ್ 1849ರಲ್ಲಿ ಕ್ಯೂಬಾದ ಹವಾನಾದಲ್ಲಿ ಜನಿಸಿದ. ಆಗ ಆ ದ್ವೀಪ ಸ್ಪೇನ್ ದೇಶದ ವಸಾಹತು. ಅನುಕೂಲಸ್ಥ ಕುಟುಂಬಗಳು ಗಂಡುಮಕ್ಕಳನ್ನು ಓದಿಗಾಗಿ ಅಮೆರಿಕಕ್ಕೆ ಕಳುಹಿಸುತ್ತಿದ್ದವು. ಬೆಯಾನ್ ಸೇರಿದ್ದು ನ್ಯೂಯಾರ್ಕಿನ ಫೋರ್ಡಂನಲ್ಲಿದ್ದ ಸಂತ ಯೊವಾನ್ನರ ಕಾಲೇಜನ್ನು. 1841ರಲ್ಲಿ ಧರ್ಮಾಧ್ಯಕ್ಷ ಜಾನ್ ಹ್ಯೂಸ್ ಆರಂಭಿಸಿದ ಈ ಸಂಸ್ಥೆಯನ್ನು 1846ರಿಂದ ಯೇಸುಸಭೆಯ ಗುರುಗಳು ನಡೆಸುತ್ತಿದ್ದರು. ಇದೇ ಇಂದಿನ ಫೋರ್ಡಂ ವಿಶ್ವವಿದ್ಯಾಲಯ. ಅಲ್ಲಿನ ರೋಸ್ ಹಿಲ್ ತಂಡದಲ್ಲಿ ಹುಡುಗ ಬೇಸ್‌ಬಾಲ್ ಕಲಿತ. ಲತೀನ್ ವ್ಯಾಕರಣವನ್ನು ಎಷ್ಟು ಕಲಿತನೋ, ಚರಿತ್ರೆ ನೆನಪಿಟ್ಟಿರುವುದು ಆಟದ ಬಯಲನ್ನು.

1871ರ ಮಾರ್ಚ್ 17ರಂದು ನ್ಯೂಯಾರ್ಕಿನಲ್ಲಿ ಮೊದಲ ವೃತ್ತಿಪರ ಬೇಸ್‌ಬಾಲ್ ಲೀಗ್ ಸ್ಥಾಪನೆಯಾಯಿತು. ಅದರಲ್ಲಿ ಟ್ರಾಯ್ ಪಟ್ಟಣದ ಹೇಮೇಕರ್ಸ್ ತಂಡದ ಪರವಾಗಿ ಬೆಯಾನ್ ಮೂರನೆಯ ಬೇಸ್ ಕಾಯ್ದ. ಅಂಗಣದಲ್ಲಿ ತೊಂಬತ್ತು ಅಡಿಗೊಂದರಂತೆ ಚೌಕಾಕಾರವಾಗಿ ನಾಲ್ಕು ಬೇಸ್‌ಗಳಿರುತ್ತವೆ. ಬಲಗೈ ದಾಂಡಿಗ ಬಲವಾಗಿ ಬೀಸಿದ ಚೆಂಡು ಬಹುಪಾಲು ನುಗ್ಗುವುದು ಈ ಮೂರನೆಯದರತ್ತಲೇ. ಆಗ ಕೈಗವಸಿನ ರೂಢಿಯಿರಲಿಲ್ಲ! ಗಟ್ಟಿ ಚೆಂಡನ್ನು ಬರಿಗೈಯಲ್ಲೇ ತಡೆಯಬೇಕು. ಹಾಗಾಗಿ ಆ ಕಾಲದ ಅಂಕಪಟ್ಟಿಗಳಲ್ಲಿ ಎಲ್ಲರ ಹೆಸರಿನ ಮುಂದೆಯೂ ಕೈತಪ್ಪಿದ ಚೆಂಡುಗಳ ಲೆಕ್ಕ ದೊಡ್ಡದಾಗಿಯೇ ಇದೆ. ಬೆಯಾನನ ಬ್ಯಾಟಿಂಗ್ ಸಾಧಾರಣ. 1872ರ ಋತುವಿನ ನಡುವೆಯೇ ಟ್ರಾಯ್ ತಂಡ ಮುಚ್ಚಿಹೋಯಿತು. 1873ರಲ್ಲಿ ನ್ಯೂಯಾರ್ಕ್ ಮ್ಯೂಚುಯಲ್ಸ್ ಪರ ಬೆರಳೆಣಿಕೆಯ ಪಂದ್ಯಗಳನ್ನಾಡಿದ ಬಳಿಕ ಆತನ ಅಮೆರಿಕದ ವೃತ್ತಿಜೀವನ ಮುಗಿಯಿತು.

ದೊಡ್ಡ ಲೀಗಿನಲ್ಲಿ ಆಡಿದ ಮೊದಲ ಲ್ಯಾಟಿನ್ ಅಮೆರಿಕದವನು ಈತನೇ ಎಂದು ಅನೇಕರು ಬರೆಯುತ್ತಾರೆ. ಆದರೆ 1969ರಲ್ಲಿ ದಾಖಲೆಗಳನ್ನು ಪರಿಶೀಲಿಸಿದ ಸಮಿತಿಯು ಆ ಮೊದಲ ಲೀಗನ್ನು ‘ದೊಡ್ಡ ಲೀಗು’ಗಳ ಪಟ್ಟಿಗೆ ಸೇರಿಸಲಿಲ್ಲ. ಆ ಲೆಕ್ಕದಲ್ಲಿ ಗೌರವವು 1902ರಲ್ಲಿ ಆಡಿದ ಕೊಲಂಬಿಯಾದ ಲೂಯಿಸ್ ಕಾಸ್ತ್ರೋಗೆ ಸಲ್ಲುತ್ತದೆ. ಈ ವಾದ ನನಗೆ ಅಷ್ಟು ಮುಖ್ಯವೆನಿಸದು. ಬೆಯಾನ್ ಊರಿಗೆ ಮರಳಿ ಮಾಡಿದ ಕೆಲಸವೇ ಹೆಚ್ಚು ತೂಕದ್ದು.

ಆತ ಮರಳಿದಾಗ ಕ್ಯೂಬಾದಲ್ಲಿ ಸ್ಪೇನಿನ ವಿರುದ್ಧ 1868ರಲ್ಲಿ ಆರಂಭವಾದ ಯುದ್ಧ ಇನ್ನೂ ನಡೆಯುತ್ತಿತ್ತು. ಗೂಳಿಕಾಳಗ ಆಳುವವರ ವಿನೋದವಾದರೆ, ಬೇಸ್‌ಬಾಲ್ ತಮ್ಮದೆಂಬ ಭಾವನೆ ಯುವಕರಲ್ಲಿ ಬೆಳೆಯುತ್ತಿತ್ತು; ಅಧಿಕಾರಿಗಳಿಗೆ ಈ ಆಟದ ಮೇಲೆ ಸಂಶಯ. 1874ರ ಡಿಸೆಂಬರ್ 27ರಂದು ಮತಾನ್ಸಾಸ್ ನಗರದ ಪಾಲ್ಮಾರ್ ದೆ ಹುಂಕೋ ಬಯಲಿನಲ್ಲಿ ಹವಾನಾ ತಂಡ ಸ್ಥಳೀಯರನ್ನು 51–9ರಿಂದ ಸೋಲಿಸಿತು. ಬೆಯಾನ್ ಮೂರು ಹೋಮ್ ರನ್ ಬಾರಿಸಿದ. ಸೋತವರ ಬಗ್ಗೆ ಕನಿಕರವೆನಿಸುತ್ತದೆ! ಆತನನ್ನೊಬ್ಬನನ್ನೇ ಕ್ಯೂಬಾದ ಬೇಸ್‌ಬಾಲಿನ ಪಿತಾಮಹನೆನ್ನುವುದು ಮಾತ್ರ ಸರಿಯಲ್ಲ: ಅಲಬಾಮಾದ ಸ್ಪ್ರಿಂಗ್ ಹಿಲ್ ಕಾಲೇಜಿನಲ್ಲಿ ಓದಿದ ನೆಮೇಸಿಯೋ ಗಿಯೋ 1864ರಲ್ಲೇ ಬ್ಯಾಟು, ಚೆಂಡನ್ನು ಊರಿಗೆ ತಂದಿದ್ದ. ಅದೂ ಯೇಸುಸಭೆಯ ಕಾಲೇಜೇ.

1878ರಲ್ಲಿ ಕ್ಯೂಬಾದ ಲೀಗ್ ಆರಂಭವಾದಾಗ ಬೆಯಾನ್ ಮುನ್ನಡೆಸಿದ ಹವಾನಾ ತಂಡವೇ ಮೊದಲ ವಿಜೇತ. ಆತನ ಒಡನಾಡಿ ಎಮಿಲಿಯೋ ಸಬೂರಿನ್ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಸಿಕ್ಕಿ, ಆಫ್ರಿಕದ ಕರಾವಳಿಯಲ್ಲಿರುವ ಸೆಯೂತಾ ಸೆರೆಮನೆಯಲ್ಲಿ 1897ರಲ್ಲಿ ಸತ್ತ. ಐದೇ ವರ್ಷಗಳಲ್ಲಿ, 1902ರಲ್ಲಿ, ಕ್ಯೂಬಾ ಗಣರಾಜ್ಯವಾಯಿತು. ಬೆಯಾನ್ 1932ರವರೆಗೆ ಬದುಕಿದ್ದು, ಹುಟ್ಟಿದ ಹವಾನಾದಲ್ಲಿಯೇ ಕಣ್ಣುಮುಚ್ಚಿದ.